ಯಾರೂ ಮಗುಚಿ ನೋಡದ ಸೈಕಲ್ಲು

ನಾನು ಚಿಕ್ಕವನಿದ್ದಾಗ ಅಪ್ಪ ಒಂದು ರೂಢಿ ಕಲಿಸಿದ್ದರು: ಬಾಯಿ ತೆರೆದು ಏನನ್ನಾದರೂ ಹೇಳುವ ಮೊದಲು, ಯಾರ ಋಣದಿಂದ ಆ ಮಾತು ನಮ್ಮ ಬಳಿಗೆ ಬಂದಿತೋ ಅವರನ್ನು ನೆನೆಯಬೇಕು. ಆ ರೂಢಿಯಂತೆ ಮೊದಲು ಹರಿವಾಯುಗುರುಗಳಿಗೆ ನಮಸ್ಕಾರ. ಅಕ್ಷರ ತಿದ್ದಿಸಿದ ಅಪ್ಪನಿಗೆ, ಅನ್ನವಿಕ್ಕಿದ ಅಜ್ಜಿಗೆ, ನಮ್ಮನ್ನು ಪೊರೆದ ತುಂಗಭದ್ರೆಗೆ ನಮಸ್ಕಾರ. ದೇವದುರ್ಗದ ಒಬ್ಬ ಕೂಲಿಕಾರ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ. ಅವರು ಬದುಕಿದ್ದಾಗ ನಾನು ಅವರಿಗೆ ಒಮ್ಮೆಯೂ ಕೈ ಮುಗಿಯಲಿಲ್ಲ. ಮಕ್ಕಳೇ, ಅಜ್ಜಂದಿರು ಹೇಳುವ ನೆನಪುಗಳು ಸಿಹಿಯಾಗಿರಬೇಕೆಂದು ನೀವು ಬಯಸುತ್ತೀರಿ. ಇದು ಸಿಹಿಯಾಗಿಲ್ಲ. ಆದರೂ ಕೇಳಬೇಕು, ಏಕೆಂದರೆ ಇದನ್ನು ಹೇಳಬೇಕಾದ ಕಾಲದಲ್ಲಿ ನಾನು ಹೇಳಲಿಲ್ಲ.

ಹೋದ ಬೇಸಿಗೆಯ ರಜೆಯಲ್ಲಿ ನನ್ನ ಮೊಮ್ಮಗಳು ರಾಯಚೂರಿನ ನಮ್ಮ ಮನೆಯ ಅಟ್ಟದಿಂದ ಒಂದು ಹಳೆಯ ಸೈಕಲ್ಲನ್ನು ಇಳಿಸಿದಳು. ನಾವು ಮಾನ್ವಿಯಿಂದ ಇಲ್ಲಿಗೆ ಬಂದಾಗ ಹಿತ್ತಾಳೆಯ ಹಂಡೆ, ಕೊಪ್ಪರಿಗೆಗಳ ಜೊತೆಗೆ ಗೋಣಿತಾಟು ಸುತ್ತಿಕೊಂಡು ಅದೂ ಬಂದಿತ್ತು. ಬಜಾರಿನ ಕರಿಯ ಸೈಕಲ್ಲುಗಳ ಹಾಗಿರಲಿಲ್ಲ ಅದು. ಹಿಡಿಕೆ ಟಗರಿನ ಕೊಂಬಿನಂತೆ ಮುಂದಕ್ಕೆ ಚಾಚಿ ಕೆಳಕ್ಕೆ ಸುರುಳಿ ಸುತ್ತಿತ್ತು. ಗಾಲಿಗಳು ಹೆಬ್ಬೆರಳಿನಷ್ಟೇ ಅಗಲ. ನವಿಲಿನ ಕೊರಳ ಬಣ್ಣ ಅಲ್ಲಲ್ಲಿ ಉಳಿದಿತ್ತು. ಕೊಳವೆಗೆ ಉಗುರಿನಿಂದ ತಟ್ಟಿದರೆ ಪೂಜೆಯ ಗಂಟೆಯ ಹಾಗೆ ಸಣ್ಣಗೆ ದನಿ ಬರುತ್ತಿತ್ತು.

ಇದು ಎಲ್ಲಿಯದು, ಯಾರು ಕಟ್ಟಿದ್ದು, ಎಂದಿನದು ಎಂದು ತಿಳಿಯದೆ ಬಿಡುವುದಿಲ್ಲವೆಂದು ಅವಳು ಹಟ ಹಿಡಿದಳು. ಅಳತೆಪಟ್ಟಿ ಹಿಡಿದು ಚೌಕಟ್ಟನ್ನು ಅಳೆದಳು. ಮುಂದಿನ ಹಲ್ಲುಚಕ್ರದಲ್ಲಿ ನಲವತ್ತೆಂಟು ಹಲ್ಲು, ಹಿಂದೆ ನಾಲ್ಕು ಚಿಕ್ಕ ಚಕ್ರಗಳು ಎಂದು ಪುಸ್ತಕದಲ್ಲಿ ಬರೆದುಕೊಂಡಳು. ಈಗಿನ ಪಾನಾಗಳು ಅದರ ನಟ್ಟುಗಳಿಗೆ ಕೂಡಲಿಲ್ಲ. ಸ್ಟೇಷನ್ ಕಡೆಯ ಹಳೆಯ ಸೈಕಲ್ ಅಂಗಡಿಯ ಮುದುಕ ತನ್ನ ತಗಡಿನ ಪೆಟ್ಟಿಗೆಯಿಂದ ಇಂಚಿನ ಪಾನಾ ಹುಡುಕಿಕೊಟ್ಟು, "ಇದು ನಮ್ ದೇಶದ್ ಮಾಲ್ ಅಲ್ಲವ್ವ, ಹಡಗಿನಾಗ ಬಂದದ್ದು" ಎಂದನಂತೆ. ಕೊಳವೆಗಳು ಕೂಡುವ ಕೀಲುಗಳ ಅಂಚನ್ನು ಯಾರೋ ವೀಳ್ಯದೆಲೆಯ ತುದಿಯಂತೆ ಕೈಯಿಂದಲೇ ಚೂಪು ಮಾಡಿದ್ದರು. ಅದರ ಚಿತ್ರ ತೆಗೆದು ಅವಳು ಕಡಲಾಚೆಯ ಹಳೆಯ ಸೈಕಲ್ ಬಲ್ಲವರಿಗೆ ಕಳಿಸಿದಳು. ಅವರಿಂದ ಬಂದ ಉತ್ತರ ಒಂದೇ: ನಂಬರ್ ಹೇಳಿ, ಜಾತಕ ಹೇಳುತ್ತೇವೆ.

ಒಂದು ಸಂಜೆ ಅವಳು ಕೈಯೆಲ್ಲ ಮಸಿ ಮಾಡಿಕೊಂಡು ನನ್ನ ಮುಂದೆ ನಿಂತಳು.

"ಅಜ್ಜಾ, ನಂಬರೇ ಇಲ್ಲ ಇದಕ್ಕ. ಸೀಟಿನ ಕೆಳಗ ನೋಡಿದೆ, ಹ್ಯಾಂಡಲ್ ಹತ್ರ ನೋಡಿದೆ. ಯಾರೋ ಅರ ಹಾಕಿ ತಿಕ್ಕಿ ತಗದಾರ. ಕಳವಿನ ಸೈಕಲ್ಲೇನು ಇದು?"

ನನ್ನ ಕೈಯಲ್ಲಿದ್ದ ತುಳಸಿಮಣಿ ನಿಂತಿತು. ಅರವತ್ತು ವರ್ಷಗಳಿಗೂ ಹಿಂದೆ, ಇದೇ ಸೈಕಲ್ಲಿನ ಮುಂದೆ ನಿಂತು, ಒಬ್ಬ ಪೊಲೀಸ್ ಜಮಾದಾರ ಇದೇ ಮಾತನ್ನು ಆಡಿದ್ದ.

ಆಗ ನನಗೆ ಒಂಬತ್ತು ವರ್ಷ. ಮುಂಜಿಯಾಗಿ ನಾಲ್ಕು ತಿಂಗಳಾಗಿತ್ತು. ಮಾನ್ವಿಯಲ್ಲಿ ಅಪ್ಪ ಶಾಲೆಯ ಮಾಸ್ತರರಾಗಿದ್ದರು. ಇಂಗ್ಲಿಷ್ ಓದಬಲ್ಲವರು ಊರಲ್ಲಿ ಕೆಲವರೇ ಇದ್ದರು, ಅವರಲ್ಲಿ ಅಪ್ಪ ಒಬ್ಬರು. ಮನೆಯಲ್ಲಿ ಅಜ್ಜಿ, ಅಕ್ಕ, ನಾನು. ಅಜ್ಜಿಯ ಮಡಿ ಎಂದರೆ ನಮ್ಮ ಓಣಿಗೆಲ್ಲ ಗೊತ್ತು. ಮಡಿಯಲ್ಲಿದ್ದಾಗ ಮಡಿಯಲ್ಲದ ವಸ್ತುವಿನ ಗಾಳಿ ಸೋಕಿದರೂ ಅವರು ಮತ್ತೆ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಿದ್ದರು.

ಆ ದಿನಗಳಲ್ಲಿ ಚೀಕಲಪರ್ವಿಯ ಕಡೆ, ಹೊಳೆಯ ದಂಡೆಯಲ್ಲಿ, ಪರದೇಶದ ಒಬ್ಬ ಇಂಜಿನಿಯರ್ ಸಾಹೇಬರು ಡೇರೆ ಹಾಕಿಕೊಂಡು ಭೂಮಿ ಅಳೆಯುತ್ತಿದ್ದರು. ಅಳತೆಯ ಸರಪಳಿ ಹಿಡಿದು ಅವರ ಜೊತೆ ಬಿಸಿಲಲ್ಲಿ ನಡೆಯುತ್ತಿದ್ದವರು ದೇವದುರ್ಗದ ಒಬ್ಬ ಕೂಲಿಕಾರರು. ಸಾಹೇಬರ ಟಪಾಲಿಗಾಗಿ ಮಾನ್ವಿಗೆ ಬಂದಾಗಲೆಲ್ಲ ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ಕುಳಿತು ಹೋಗುತ್ತಿದ್ದರು. ಅಪ್ಪನಷ್ಟೇ ವಯಸ್ಸಿನ ಅವರನ್ನು ಒಂಬತ್ತು ವರ್ಷದ ನಾನು ಹೆಸರು ಹಿಡಿದು, ಏಕವಚನದಲ್ಲಿ ಕೂಗುತ್ತಿದ್ದೆ. ಅದು ತಪ್ಪೆಂದು ಯಾರೂ ಹೇಳಲಿಲ್ಲ. ಇಂದು ಹೇಳುವಾಗ ಅವರನ್ನು ಕಾಕಾ ಎಂದು ಕರೆಯುತ್ತೇನೆ.

ಸಾಹೇಬರು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟಾಗ ತಮ್ಮ ಸೈಕಲ್ಲನ್ನು ಕಾಕಾನಿಗೆ ಕೊಟ್ಟರು. ಜೊತೆಗೆ ಒಂದು ಚೀಟಿ ಬರೆದುಕೊಟ್ಟರು. ಕಾಲುವೆಯ ಮೇಲೆ ತಿರುಗಿ ನೀರು ನೋಡಿಕೊಳ್ಳುವ ಸೌಡಿಯ ನೌಕರಿ ಕಾಕಾನಿಗೆ ಸಿಗುವುದಿತ್ತು. ಆದರೆ ಸ್ವಂತ ಸೈಕಲ್ಲಿದ್ದವರಿಗೆ ಮಾತ್ರ ಆ ನೌಕರಿ. ದಸರೆ ಮುಗಿದ ಸೋಮವಾರ ಸೈಕಲ್ಲಿನೊಂದಿಗೆ ಹಾಜರಾಗಬೇಕು ಎಂದು ಹೇಳಿದ್ದರು.

ಸಾಹೇಬರನ್ನು ರಾಯಚೂರಿನಲ್ಲಿ ರೈಲು ಹತ್ತಿಸಿ ಕಾಕಾ ಸೈಕಲ್ ತುಳಿಯುತ್ತ ಮಾನ್ವಿಗೆ ಬಂದಾಗ ಅಲ್ಲಿನ ಜಮಾದಾರ ತಡೆದ. ಇಂಥ ಸೈಕಲ್ಲಿನ ಮೇಲೆ ಇಂಥ ಮನುಷ್ಯನೇ ಎಂಬುದೇ ಅವನ ಅನುಮಾನ. ಚೀಟಿ ತೋರಿಸಿದರೆ ಅದು ಇಂಗ್ಲಿಷಿನಲ್ಲಿತ್ತು. ಮಹಾನವಮಿಯ ಮಧ್ಯಾಹ್ನ ಮಾಸ್ತರರ ಮನೆಯಲ್ಲಿ ಚೀಟಿ ಓದಿಸುತ್ತೇನೆ, ಅದರಲ್ಲಿ ಬರೆದ ನಂಬರು ಸೈಕಲ್ಲಿನ ಮೇಲಿದ್ದರೆ ನಿನ್ನದು, ಇಲ್ಲದಿದ್ದರೆ ಕಳವಿನದು ಎಂದು ಅವನು ತೀರ್ಮಾನಿಸಿದ.

ನವಮಿಯ ದಿನ ಬೆಳಿಗ್ಗೆಯೇ ಕಾಕಾ ಬಂದರು. ಅಂದು ಆಯುಧಪೂಜೆ. ಅಪ್ಪನ ಕರಿಯ ಸೈಕಲ್ಲು ತೊಳೆಸಿಕೊಂಡು ಅಂಗಳದಲ್ಲಿ ನಿಂತಿತ್ತು. ತಮ್ಮ ಸೈಕಲ್ಲಿಗೂ ನಾಲ್ಕು ಅಕ್ಷತೆ ಬೀಳಲಿ ಎಂದು ಕಾಕಾ ಬೇಡಿದರು. ಅಪ್ಪ ಒಪ್ಪಿದರು. ಅಜ್ಜಿ ಮಾತ್ರ ಒಳಗಿನಿಂದಲೇ, "ಅದರ ಸೀಟು ಚರ್ಮದ್ದದ. ಮರದ ಆಚಿಗೇ ಇರಲಿ" ಎಂದರು.

ನಾನು ಅಂದು ಒದ್ದೆಯ ಪಂಚೆಯುಟ್ಟು ಮಡಿಯಲ್ಲಿದ್ದೆ. ನೈವೇದ್ಯದ ಪಾತ್ರೆಗಳನ್ನು ಅಡುಗೆಮನೆಯಿಂದ ದೇವರ ಮನೆಗೆ ಒಯ್ಯುವ ಅಧಿಕಾರ ನನಗೆ ಮೊದಲ ಬಾರಿಗೆ ದೊರೆತಿತ್ತು. ಒಳಗೆ ಹೂರಣ ಬೇಯುವ ವಾಸನೆ, ಏಲಕ್ಕಿಯ ವಾಸನೆ. ತುಳಸಿ ಕಿತ್ತು ತರಲು ಅಂಗಳಕ್ಕೆ ಬಂದವನು ಮರದಾಚೆ ನೋಡಿದೆ. ಕಾಕಾ ಸೈಕಲ್ಲನ್ನು ಮಗುಚಿ, ಸೀಟು ಹಿಡಿಕೆಗಳ ಮೇಲೆ ನಿಲ್ಲಿಸಿ, ಅರಿವೆಯಿಂದ ಒರೆಸುತ್ತಿದ್ದರು. ಅವರು ಬೆರಳು ತಾಗಿಸಿದರೆ ಸಾಕು, ಗಾಲಿ ಗುಂಯ್ ಎಂದು ತಿರುಗುತ್ತಿತ್ತು. ಕಡ್ಡಿಗಳೆಲ್ಲ ಕರಗಿ ಒಂದು ಬೆಳ್ಳಿಯ ತಟ್ಟೆಯಾಗುತ್ತಿತ್ತು. ನಾನು ಓಡಿದೆ.

"ಬ್ಯಾಡ್ರಿ ಸಣ್ಣ ಸ್ವಾಮೇರ, ಮಡಿಯಾಗ ಅದೀರಿ. ನಿಮ್ಮ ಅಜ್ಜಿಯಾರು ನೋಡಿದ್ರ ನನ್ನ ತೊಗಲು ಸುಲೀತಾರ."

"ಒಂದೇ ಸಲ. ಯಾರಿಗೂ ಹೇಳಬ್ಯಾಡ ನೀ."

ಕಾಕಾ ನಕ್ಕರು. "ಹೇಳಂಗಿಲ್ಲ ಬಿಡ್ರಿ. ಸತ್ತರೂ ಹೇಳಂಗಿಲ್ಲ. ತಿರುವ್ರಿ."

ನೀರು ಸಾಲದೆ ಅವರು ಕೊಡ ಹಿಡಿದು ಹಳ್ಳಕ್ಕೆ ಹೋದರು. ನಮ್ಮ ಬಾವಿ ಹತ್ತು ಹೆಜ್ಜೆಯಲ್ಲಿತ್ತು, ಆದರೆ ಅದು ಅವರಿಗಲ್ಲ. ನಾನೊಬ್ಬನೇ ಉಳಿದೆ. ಪೆಡಲನ್ನು ಕೈಯಿಂದ ತಿರುಗಿಸಿದೆ, ಸರಪಳಿ ಒಂದು ಚಕ್ರದಿಂದ ಇನ್ನೊಂದಕ್ಕೆ ಜಿಗಿಯುವುದನ್ನು ನೋಡಿದೆ. ಪೆಡಲುಗಳ ನಡುವಿನ ದಪ್ಪ ಕೊಳವೆಯ ತಳ ಈಗ ನನ್ನ ಕಣ್ಣಿನ ಎದುರಿಗಿತ್ತು. ಅಲ್ಲಿ ಎರೆಮಣ್ಣು ಎಣ್ಣೆಯ ಜೊತೆ ಕೂಡಿ ಗಟ್ಟಿಯಾಗಿತ್ತು. ಹೆಬ್ಬೆರಳಿನಿಂದ ಉಜ್ಜಿದೆ. ಬೆರಳಿಗೆ ಗೀರುಗಳು ಹತ್ತಿದವು. ಇನ್ನೂ ಉಜ್ಜಿದಾಗ ಅಂಕಿಗಳು ಕಂಡವು: ಮೂರು, ಒಂದು, ಏಳು, ನಾಲ್ಕು.

ಆಗಲೇ ಅಜ್ಜಿ ಕೂಗಿದರು: "ತುಳಸಿ ತರಾಕ ಹೋದಾವ ಎಲ್ಲಿ ಹಾಳಾಗಿ ಹೋದ್ಯೋ?" ಉಜ್ಜಿದ ಜಾಗ ಹೊಳೆಯುತ್ತಿತ್ತು. ಅದನ್ನು ಕಂಡವರಿಗೆ ನಾನು ಮುಟ್ಟಿದ್ದು ತಿಳಿದೇ ತಿಳಿಯುತ್ತದೆ ಎಂದುಕೊಂಡೆ. ಒಂದು ಹಿಡಿ ಹಸಿ ಎರೆಮಣ್ಣು ತೆಗೆದು ಅಂಕಿಗಳ ಮೇಲೆ ಮೆತ್ತಿದೆ. ಸೈಕಲ್ಲು ಹೂವಿನ ಹಾಗೆ ಹಗುರ. ಅದನ್ನು ನೆಟ್ಟಗೆ ಮಾಡಿ ಮರಕ್ಕೆ ಒರಗಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ತುಳಸಿ ಕಿತ್ತುಕೊಂಡು ಒಳಗೆ ಹೋದೆ. ಮತ್ತೆ ಸ್ನಾನ ಮಾಡಬೇಕಿತ್ತು. ಏಕೆ ಎಂದು ಕೇಳಿದರೆ ಹೇಳಬೇಕಾಗುತ್ತಿತ್ತು. ಆದ್ದರಿಂದ ಮಾಡಲಿಲ್ಲ. ಅದೇ ಕೈಗಳಿಂದ ಹೋಳಿಗೆಯ ಪಾತ್ರೆಯನ್ನು ದೇವರ ಮುಂದೆ ಇಟ್ಟೆ.

ಅಪ್ಪ ತಮ್ಮ ಸೈಕಲ್ಲಿಗೆ ಕೈಯಿಂದ ಗಂಧ ಹಚ್ಚಿದರು. ಕಾಕಾನ ಸೈಕಲ್ಲಿಗೆ ಕಟ್ಟೆಯ ಮೇಲೆ ನಿಂತೇ ಹೂವು ಅಕ್ಷತೆ ಎಸೆದರು. ಒಂದು ಚೆಂಡುಹೂವು ಹಿಡಿಕೆಯ ಸುರುಳಿಯಲ್ಲಿ ಸಿಕ್ಕಿಕೊಂಡಿತು. ಅದನ್ನು ಕಂಡು ಕಾಕಾ ಕಣ್ಣಿಗೆ ಒತ್ತಿಕೊಂಡ ಎರಡು ಕೈಗಳು ನನಗೆ ಇಂದಿಗೂ ಕಾಣುತ್ತವೆ.

ಊಟವಾದ ಮೇಲೆ ಜಮಾದಾರ ಬಂದ. ಅಪ್ಪ ಚೀಟಿ ಓದಿದರು. ಈ ಸೈಕಲ್ಲನ್ನು ನನ್ನ ಸರಪಳಿಯವನಿಗೆ ಪ್ರೀತಿಯಿಂದ ಕೊಟ್ಟಿದ್ದೇನೆ ಎಂದು ಬರೆದು, ಸಾಹೇಬರು ಕೆಳಗೆ ನಂಬರು ಹಾಕಿದ್ದರು. ಅಪ್ಪನ ಬಾಯಿಂದ ಅದು ಬಂತು: ಮೂರು, ಒಂದು, ಏಳು, ನಾಲ್ಕು. ಕಂಬದ ಹಿಂದೆ ನಿಂತಿದ್ದ ನನ್ನ ಹೆಬ್ಬೆರಳು ಬಿಸಿಯಾಯಿತು.

ಜಮಾದಾರ ಸೀಟಿನ ಕೆಳಗೆ ಬಗ್ಗಿದ. ಹಿಡಿಕೆಯ ಹತ್ತಿರ ನೋಡಿದ. "ನಂಬರ್ ಎಲ್ಲದಲೇ? ಮಾಸ್ತರ್ರೇ, ನಿಮ್ಮದೂ ಸೈಕಲ್ ಅದಲ್ರಿ, ಎಲ್ಲಿರ್ತದ ಹೇಳ್ರಿ."

ಅಪ್ಪ ತಮ್ಮ ಸೈಕಲ್ಲನ್ನೇ ಪ್ರಮಾಣವಾಗಿಟ್ಟುಕೊಂಡು, "ಸೀಟಿನ ಕೆಳಗೇ ಇರ್ತದ. ಬ್ಯಾರೆ ಕಡೆ ಇರೂದಿಲ್ಲ" ಎಂದರು. ಅವರು ಸುಳ್ಳು ಹೇಳಲಿಲ್ಲ. ತಾವು ಕಂಡ ಸೈಕಲ್ಲುಗಳ ಸತ್ಯವನ್ನು ಹೇಳಿದರು.

"ಹಂಗಾರ ಅರ ಹಾಕಿ ತಿಕ್ಕಿ ತಗದೀಯಲೇ ಮಗನೇ. ಕಳವಿನ ಮಾಲಿದು."

"ಇಲ್ರಿಯಪ್ಪಾ!" ಕಾಕಾ ಕೈ ಮುಗಿದರು. "ಚೀಟಿ ಬರಿಯಾಗ ಸಾಹೇಬ್ರು ನೆಲಕ್ಕ ಕುಂತು, ಕುತ್ತಿಗಿ ಕೆಳಗ ಹಾಕಿ ನೋಡಿ ಬರಕೊಂಡ್ರಿ. ಕೆಳಗೆಲ್ಲೋ ಅದರೀ. ಮಗುಚಿ ನೋಡೂಣ್ರಿ."

ಜಮಾದಾರ ಬಗ್ಗಿ ಇಣುಕಿದ, ಮಣ್ಣು ಬಿಟ್ಟು ಏನೂ ಕಾಣದೆ ಅಪ್ಪನ ಮುಖ ನೋಡಿದ. ಅಪ್ಪ ಬೇಡವೆಂದು ತಲೆಯಾಡಿಸಿದರು. ನವಮಿಯಂದು ಪೂಜೆಗೊಂಡ ವಸ್ತುವನ್ನು ದಶಮಿಯವರೆಗೆ ಮುಟ್ಟಬಾರದು, ಕದಲಿಸಬಾರದು, ತಲೆಕೆಳಗಂತೂ ಮಾಡಲೇಬಾರದು. ಅದು ನಮ್ಮ ಮನೆಯ ಕಟ್ಟಳೆ. ಅಕ್ಷತೆ ಬೀಳಲಿ ಎಂದು ಕಾಕಾ ಬೇಡಿಕೊಂಡದ್ದೇ ಅವರಿಗೆ ಮುಳುವಾಯಿತು. "ನಾಳೆ ತನಕ ಇರಾಕ ನನಗ ಪುರಸತ್ತಿಲ್ಲ" ಎಂದ ಜಮಾದಾರ.

ಆಗ ಕಾಕಾ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿತ್ತು, ಮಗುಚಿದ ಸೈಕಲ್ಲಿನ ಮುಂದೆ ನಾನೊಬ್ಬನೇ ಇದ್ದೆ. "ಸಣ್ಣ ಸ್ವಾಮೇರ ಕಣ್ಣು ಭಾಳ ಚೂಪ ಅದಾವ್ರಿ. ಎಲ್ಲ್ಯರ ಕಂಡದೇನು ಕೇಳ್ರಿ" ಎಂದು ಮೆಲ್ಲಗೆ ಹೇಳಿದರು.

ಅಪ್ಪ ತಿರುಗಿದರು. "ಮಡಿಯಾಗಿದ್ದಿ ನೀ. ಸೈಕಲ್ಲಿನ ಹತ್ರ ಹೋಗಿದ್ದೇನು?"

ಒಳಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಹೌದೆಂದರೆ ಆ ದಿನದ ಪೂಜೆ, ನೈವೇದ್ಯ, ನನ್ನ ಹೊಸ ಅಧಿಕಾರ ಎಲ್ಲವೂ ಹೋಗುತ್ತಿತ್ತು. ನಾನು, "ಇಲ್ಲ" ಎಂದೆ.

ಕಾಕಾ ಒಂದು ಗಳಿಗೆ ನನ್ನನ್ನೇ ನೋಡಿದರು. ನನ್ನ ಗುಟ್ಟು ಒಡೆದಿದ್ದರೆ ಅವರ ಸೈಕಲ್ಲು ಉಳಿಯುತ್ತಿತ್ತೇನೋ. ಅವರು ಕಣ್ಣು ಕೆಳಗೆ ಮಾಡಿ, "ಖರೇನ್ರಿ. ಅವರು ಈ ಕಡೆ ಬಂದೇ ಇಲ್ರಿ" ಎಂದರು.

ಮಕ್ಕಳೇ, ಅಂದು ನಮ್ಮ ಅಂಗಳದಲ್ಲಿ ಕೊಟ್ಟ ಮಾತು ಉಳಿಸಿಕೊಂಡವರು ಅವರೊಬ್ಬರೇ.

ಜಮಾದಾರ ಅವರ ತೋಳು ಹಿಡಿದು ಕರೆದೊಯ್ದ. ದೂರು ಕೊಟ್ಟವರು ಯಾರೂ ಇರದ ಕಾರಣ ಮೂರು ದಿನಕ್ಕೆ ಬಿಟ್ಟುಬಿಟ್ಟನಂತೆ. ಅಷ್ಟರಲ್ಲಿ ಸೋಮವಾರ ಕಳೆದಿತ್ತು, ನೌಕರಿ ಬೇರೆಯವರ ಪಾಲಾಗಿತ್ತು. ಒಡೆಯರು ಸಿಗುವ ತನಕ ಎಂದು ಸೈಕಲ್ಲನ್ನು, ಚೀಟಿಯನ್ನು ಅಪ್ಪನ ಸುಪರ್ದಿಗೆ ಒಪ್ಪಿಸಿದರು. ಪ್ರಾಮಾಣಿಕರ ಮನೆಯೆಂದು! ಒಡೆಯರು ಬರಲಿಲ್ಲ, ಏಕೆಂದರೆ ಒಡೆಯರೇ ಕಳ್ಳರಾಗಿದ್ದರು. ಅಪ್ಪ ಅದನ್ನು ಯಾರಿಗೂ ತುಳಿಯಗೊಡಲಿಲ್ಲ. ಪ್ರತಿ ನವಮಿಗೆ ಒರೆಸಿಟ್ಟರು, ಕಳವಿನ ವಸ್ತುವನ್ನು ಕಾಯುತ್ತಿದ್ದೇನೆ ಎಂದು ನಂಬಿಕೊಂಡೇ ತೀರಿಹೋದರು. ನಾನು ಮರುದಿನ ಹೇಳಬಹುದಿತ್ತು. ಹತ್ತು ವರ್ಷಕ್ಕೆ ಹೇಳಬಹುದಿತ್ತು. ನಾನೂ ಮಾಸ್ತರನಾದೆ, ಸತ್ಯವನ್ನು ಕುರಿತ ಪಾಠವನ್ನು ವರ್ಷವರ್ಷವೂ ಕಂಠ ತುಂಬಿ ಮಾಡಿದೆ, ಅಟ್ಟದ ಕಡೆಗೆ ಮಾತ್ರ ಕಣ್ಣೆತ್ತಲಿಲ್ಲ.

"ಅಜ್ಜಾ, ಕಳವಿನ ಸೈಕಲ್ಲೇನು?" ಮೊಮ್ಮಗಳು ಮತ್ತೆ ಕೇಳಿದಳು.

"ಮಗುಚಿ ನಿಲ್ಲಸವ್ವ" ಎಂದೆ. "ಪೆಡಲಿನ ನಡುವ ತಳದಾಗ ಮಣ್ಣದ. ಕೆರದು ನೋಡು."

ಅವಳು ಸೀಮೆಎಣ್ಣೆ ಹಚ್ಚಿ ಕೆರೆದಳು. ಕಲ್ಲಾಗಿದ್ದ ಎರೆಮಣ್ಣು ಹೆಪ್ಪಾಗಿಯೇ ಕಳಚಿ ಬಿತ್ತು. ಅದರ ಒಳಮೈಯಲ್ಲಿ ಅಂಕಿಗಳ ಅಚ್ಚು ತಿರುಗುಮುರುಗಾಗಿ ಮೂಡಿತ್ತು, ಹೊರಮೈಯಲ್ಲಿ ಒಂದು ಎಳೆಯ ಹೆಬ್ಬೆರಳಿನ ಗುರುತು. ಅಪ್ಪನ ಸ್ತೋತ್ರದ ಪುಸ್ತಕದಿಂದ ಚೀಟಿ ತೆಗೆದು ನಾನು ಅವಳ ಕೈಗೆ ಕೊಟ್ಟೆ. ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ರಾತ್ರಿ ನನ್ನ ಜೊತೆ ಊಟಕ್ಕೆ ಕೂರಲಿಲ್ಲ, ಅಷ್ಟೇ.

ನಂಬರು ಕಡಲು ದಾಟಿತು. ಆ ಸೈಕಲ್ಲನ್ನು ಕಟ್ಟಿದ ಪುಟ್ಟ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ದಫ್ತರಗಳನ್ನು ಕಾಪಾಡಿಕೊಂಡು ಬಂದ ಒಬ್ಬ ವೃದ್ಧರು ಹುಡುಕಿ ಉತ್ತರಿಸಿದರು. ಮೂರು ಒಂದು ಏಳು ನಾಲ್ಕು: ಚೌಕಟ್ಟು ಇಪ್ಪತ್ಮೂರು ಇಂಚು, ತೆಳು ಉಕ್ಕಿನ ಕೊಳವೆ, ನಾಲ್ಕು ಗೇರು, ಬಣ್ಣ ನವಿಲುನೀಲಿ, ಕೊಂಡವರು ನಮ್ಮ ಸಾಹೇಬರೇ. ಅದೇ ಪುಟಕ್ಕೆ ಸಾಹೇಬರ ಒಂದು ಪತ್ರವನ್ನು ಅಂಟಿಸಿದ್ದರಂತೆ. ಅದರ ಚಿತ್ರವೂ ಬಂತು. ಅದೇ ಅಳತೆಯ ಇನ್ನೊಂದು ಸೈಕಲ್ಲು ಬೇಕು, ಮೊದಲಿನದನ್ನು ಇಂಡಿಯಾದಲ್ಲಿ ನನ್ನ ಸರಪಳಿಯವನಿಗೆ ಕೊಟ್ಟು ಬಂದಿದ್ದೇನೆ, ನನಗಿಂತ ಅವನಿಗೇ ಅದು ಚೆನ್ನಾಗಿ ಒಪ್ಪುತ್ತದೆ ಎಂದು ಅವರು ಬರೆದಿದ್ದರು.

ಸೈಕಲ್ಲನ್ನು ಗಾಡಿಯಲ್ಲಿ ಹಾಕಿಕೊಂಡು ನಾನೂ ಮೊಮ್ಮಗಳೂ ಕಲ್ಮಲ ದಾಟಿ ದೇವದುರ್ಗಕ್ಕೆ ಹೋದೆವು. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲ್ಲಿನಲ್ಲಿ ಕಾಕಾನ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ತಿಳಿಯಲಿಲ್ಲ. ಸಾಹೇಬರ ಜೊತೆ ಸರಪಳಿ ಹಿಡಿಯುತ್ತಿದ್ದವರು ಎಂದಾಗ ಗಲ್ಲೆಯ ಮೇಲಿದ್ದವನು ನಕ್ಕ. "ಓ, ಸೈಕಲ್ ಕಳ್ಳರ ಮನಿಯೇನ್ರಿ? ಹಿಂಗ ಹೋಗಿ ಎಡಕ್ಕ ಹೊಳ್ರಿ." ಅರವತ್ತು ವರ್ಷ ಆ ಮನೆ ಹೊತ್ತ ಹೆಸರು ಅದು.

ಕಾಕಾ ಇರಲಿಲ್ಲ. ಅವರ ಮಗಳು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವರು, ಬಾಗಿಲಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದರು. ನಾನು ಕೈ ಮುಗಿದು ಎಲ್ಲವನ್ನೂ ಹೇಳಿದೆ. ಅವರ ಕೈ ಮೊರದ ಮೇಲೆ ಆಡುತ್ತಲೇ ಇತ್ತು.

"ಆ ಸಣ್ಣ ಸ್ವಾಮಿ ಅಂಜಿದ್ದ ಅಂತಿದ್ದ ನಮ್ಮಪ್ಪ. ಕಾಲುವಿ ಮ್ಯಾಲ ಕಲ್ಲು ಹೊತ್ತು ಬಂದು, ಕಾಲು ಒತ್ತಿಸಿಕೊಂತ ಹೇಳ್ತಿದ್ದ. ಕೂಸು ಅಂಜಿದ್ದಕ್ಕ ಸಿಟ್ಟಿಲ್ರಿ ನಮಗ." ಅವರು ತಲೆಯೆತ್ತಿದರು. "ಅಂಜಿಕಿ ಹೋದಮ್ಯಾಲೂ ಸುಮ್ಕಿದ್ರಲ್ಲ, ಅದಕ್ಕ ಏನಂತೀರಿ?"

ಮೊಮ್ಮಗಳು ಸಾಹೇಬರ ಪತ್ರವನ್ನು ಓದಲು ತೆರೆದಳು. ಅವರು ಕೈಯೆತ್ತಿ ತಡೆದರು.

"ನನ್ನ ಮುಂದ ಓದಬ್ಯಾಡ ಯವ್ವಾ. ಅದು ನಮ್ಮಪ್ಪಂದಂತ ನಮಗ ಗೊತ್ತದ. ಆ ಹೋಟ್ಲ ಮುಂದ ನಿಂತು ಓದ್ರಿ."

ಹೋದೆವು. ಜನ ಚಹಾ ಕುಡಿಯುತ್ತಿದ್ದರು. ಚೀಟಿ ಓದಿದೆ, ಪತ್ರವನ್ನು ಕನ್ನಡದಲ್ಲಿ ಹೇಳಿದೆ, ನಂಬರು ಮುಚ್ಚಿದ ಕೈ ಇದೇ ಎಂದು ಬಲಗೈ ಎತ್ತಿ ತೋರಿಸಿದೆ. ಕೆಲವರು ಕೇಳಿದರು. ಒಬ್ಬ ಹುಡುಗ ಮೊಬೈಲ್ ಹಿಡಿದ. "ಯಾವ ಸೈಕಲ್ರೀ? ಯಾವಾಗಿಂದು?" ಎಂದು ಹಿಂದಿನಿಂದ ಯಾರೋ ಕೇಳಿದರು. ಅಷ್ಟರಲ್ಲಿ ಬಸ್ಸು ಬಂತು, ಅರ್ಧ ಜನ ಎದ್ದು ಹೋದರು. ಗಲ್ಲೆಯವನು ಮಾತ್ರ ತಲೆ ತಗ್ಗಿಸಿದ. ಅರವತ್ತು ವರ್ಷ ಓಡಾಡಿದ ಸುಳ್ಳಿನ ಹಿಂದೆ ನನ್ನ ಸತ್ಯ ಒಂದು ಚಹಾದ ಹೊತ್ತು ನಡೆಯಿತು.

ಮರಳಿ ಬಂದಾಗ ಆ ಮನೆಯ ಮೊಮ್ಮಗ ಸೈಕಲ್ಲನ್ನು ಮಗುಚಿ ನಿಲ್ಲಿಸಿ, ಹೆಬ್ಬೆರಳಿನಿಂದ ಅಂಕಿಗಳನ್ನು ಮುಟ್ಟಿ ಮುಟ್ಟಿ ಓದುತ್ತಿದ್ದ. ಮನೆಯವರು ನಮಗೆ ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ.

ಮಕ್ಕಳೇ, ನಿಮ್ಮ ಕಾಲದಲ್ಲಿ ಒಂದು ಸಂಖ್ಯೆಯ ಹಿಂದೆ ಹೋಗಿ ಕಡಲಾಚೆಯ ಪುಸ್ತಕದ ಪುಟವನ್ನು ಮನೆಯ ಪಡಸಾಲೆಯಲ್ಲಿ ಕುಳಿತೇ ತೆರೆಯುತ್ತೀರಿ. ಯಾರ ಬಾವಿ, ಯಾರ ನೀರು ಎಂದು ಕೇಳದೆ ಒಂದೇ ಬೆಂಚಿನ ಮೇಲೆ ಕೂರುತ್ತೀರಿ. ಹಾಗೆ ಕೂರದ ಊರುಗಳು ಇನ್ನೂ ಇದ್ದರೆ, ಅಲ್ಲೂ ಕೂರಿ. ನನ್ನ ಕಾಲದಲ್ಲಿ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಹತ್ತು ಹೆಜ್ಜೆಯ ಆಚೆ ಒಂದು ಸೈಕಲ್ಲನ್ನು ಮಗುಚಬೇಕಿತ್ತು, ಒಂದು ಮಗು ಬಾಯಿ ತೆರೆಯಬೇಕಿತ್ತು.

ಕೊಟ್ಟ ಮಾತಿಗೆ ಬದುಕನ್ನೇ ತೆತ್ತ ಕಾಕಾನಿಗೆ ಶ್ರೀಹರಿ ತನ್ನ ಪಾದದಲ್ಲಿ ಜಾಗ ಕೊಡಲಿ. ಅವರ ಮಗಳಿಗೆ ಆಯುಷ್ಯ, ಆ ಮನೆಯ ಮೊಮ್ಮಗನ ಗಾಲಿಗೆ ನೇರ ದಾರಿ ಸಿಗಲಿ. ಕೊಟ್ಟ ಸಾಹೇಬರಿಗೆ, ದಫ್ತರ ಕಾಯ್ದ ವೃದ್ಧರಿಗೆ, ಮಣ್ಣು ಕೆರೆದ ನನ್ನ ಮೊಮ್ಮಗಳಿಗೆ ಒಳಿತಾಗಲಿ. ತಿಳಿಯದೆ ತಪ್ಪಿದ ಅಪ್ಪನಿಗೂ, ಆ ಜಮಾದಾರನಿಗೂ ಶಾಂತಿ ಸಿಗಲಿ. ಮರದಾಚೆ ಒದ್ದೆ ಪಂಚೆಯಲ್ಲಿ ನಿಂತ ಆ ಹುಡುಗನಿಗಾಗಿ ಏನು ಬೇಡಬೇಕೋ ನನಗೆ ತಿಳಿಯದು. ಅವನನ್ನು ಹರಸುವ ಹಕ್ಕು ದೇವದುರ್ಗದ ಆ ಮನೆಯವರದು.